ಅವ್ವ ‘ಆತ್ರಿ’ ಅಂದಳು

“ಏ ರೇವವ್ವಾ, ಇದು ಸಾಲಿ ಐತಿ, ನಿಮ್ಮ ಕುರಿದಡ್ಡಿ ಅಲ್ಲ. ಕುಂಟಿದ್ದು, ಕುರುಡಿದ್ದು, ಜಡ್ಡ ಬಡದದ್ದು ಎಲ್ಲಾ ಒಂದ ಕಡೆ ಕೂಡಿ ಹಾಕಾಕ.”

ಹೆಡ್‌ಮಾಸ್ತರರು ಮೈಕಿನಲ್ಲಿ ಹೀಗೆ ಅಂದಾಗ ಶಾಲೆಯ ಸಭಾಂಗಣದ ತುಂಬ ಪಾಲಕರು ಕೂತಿದ್ದರು. ಮೊದಲು ಮುಂದಿನ ಕುರ್ಚಿಯವರು ನಕ್ಕರು. ಅವರು ನಕ್ಕರೆಂದು ಹಿಂದೆ ಜಮಖಾನೆಯ ಮೇಲೆ ಕೂತವರೂ ನಕ್ಕರು. ಯಾಕೆ ನಗುತ್ತಿದ್ದೇವೆ ಎಂದು ಕೇಳಿಕೊಳ್ಳುವ ರೂಢಿ ನಮ್ಮ ಜನಕ್ಕಿಲ್ಲ. ಮೈಕು ಹಿಡಿದವನು ನಕ್ಕರೆ ತಾವೂ ನಗಬೇಕು, ಅಷ್ಟೇ. ನಿಂತಿದ್ದವಳು ನಮ್ಮವ್ವ ಒಬ್ಬಳೇ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನೆಲ ನೋಡುತ್ತಿದ್ದಳು.

ನಾನು ಅದೇ ಸಭಾಂಗಣದಲ್ಲಿ ಏಣಿಯ ಮೇಲಿದ್ದೆ. ಹಲ್ಲಿನಲ್ಲಿ ಸುತಳಿ, ಕೈಯಲ್ಲಿ ಬ್ಯಾನರಿನ ಮೂಲೆ. ಬ್ಯಾನರಿನ ಮೇಲೆ ಕೆಂಪು ಅಕ್ಷರ: ‘ಎಸ್ಸೆಸ್ಸೆಲ್ಸಿಯಲ್ಲಿ ಮತ್ತೊಮ್ಮೆ ನೂರಕ್ಕೆ ನೂರು!’ ಆ ಅಕ್ಷರ ಜೋಡಿಸಿದವನು ನಾನು, ಛಾಪಿಸಿದವನು ನಾನು, ಕಟ್ಟುತ್ತಿದ್ದವನೂ ನಾನು. ಸಿಂದಗಿಯಲ್ಲಿ ಜುಲ್ಫಿಕರಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಈ ಶಾಲೆಯ ಬ್ಯಾನರುಗಳೆಲ್ಲ ಆಗುವುದು ನಮ್ಮಲ್ಲೇ. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ಇದನ್ನೂ ಕತ್ತರಿಸಿ ‘ನಮ್ಮ ಬಗ್ಗೆ ನಾಡು ಏನನ್ನುತ್ತದೆ’ ಎಂದು ಇನ್ನೊಂದು ಬ್ಯಾನರ್ ಮಾಡಿಸಿಯಾರು.

“ಒಂಬತ್ತನೆತ್ತಿ ಪಾಸ್ ಮಾಡೇವಿ, ಹೌದು,” ಹೆಡ್‌ಮಾಸ್ತರರು ಮುಂದುವರಿಸಿದರು. “ಆದರ ನಿನ್ನ ಮಗಳಿಗೆ ಹತ್ತನೆತ್ತಿ ನಮ್ಮಲ್ಲಿ ಆಗಂಗಿಲ್ಲವಾ. ಅಕಿ ಗಣಿತ ನೋಡಿ ನಮ್ಮ ಮಾಸ್ತರ ಎದಿ ಎದಿ ಬಡಕೊಂತಾನ. ಅಕಿ ಒಬ್ಬಾಕಿ ಕುಂತ್ಲಂದ್ರ ನಮ್ಮ ನೂರು ಹೋಗಿ ತೊಂಬತ್ತೊಂಬತ್ತ ಆಕ್ಕೈತಿ. ಬ್ಯಾರೆ ಸಾಲಿ ನೋಡ್ರಿ. ಟಿಸಿ ತಯಾರ ಮಾಡಿ ಇಡತೇವಿ. ಆತಿಲ್ಲೋ?”

ಅವ್ವ ತಲೆ ಎತ್ತದೆ ಹೇಳಿದಳು: “ಆತ್ರಿ.”

“ನೋಡ್ರಿ, ಎಷ್ಟ ಶ್ಯಾಣ್ಯಾ ಹೆಣಮಗಳು! ತಾಯಿನ ಒಪ್ಪಿದ್ಲು, ನೀವೆಲ್ಲಾ ಕೇಳೀರಿ,” ಎಂದು ಸಭೆಗೆ ಹೇಳಿ ಹೆಡ್‌ಮಾಸ್ತರರು ಮುಂದಿನ ಹೆಸರು ಕೂಗಲು ಬಾಯಿ ತೆರೆದರು.

ನಾನು ಕೈ ಬಿಟ್ಟೆ. ಬ್ಯಾನರಿನ ಎಡಗಡೆ ಕಳಚಿ, ಸಂಸ್ಥೆಯ ಅಧ್ಯಕ್ಷರ ಮುಖ ಮೂಗಿನ ಹತ್ತಿರ ಮಡಚಿಕೊಂಡು ಜೋತಾಡಿತು. ಏಣಿಯಿಂದಲೇ ಅಂದೆ: “ಸರ್, ಅಕಿ ನಮ್ಮವ್ವರಿ.”

ಹೆಡ್‌ಮಾಸ್ತರರು ಕನ್ನಡಕ ಮೇಲೆತ್ತಿ ನೋಡಿದರು. ನಾಚುತ್ತಾರೆ ಅಂದುಕೊಂಡಿರಾ? ಮುಖ ಅರಳಿತು. “ಅರೇ, ಮಾಳಿಂಗರಾಯ! ಅಕಿ ನಿನ್ನ ತಂಗಿ ಏನೋ? ಚಲೋ ಆತ ಬಿಡು, ನೀನ ನಿಮ್ಮವ್ವಗ ತಿಳಿಸಿ ಹೇಳು. ನಿನಗೂ ಹಿಂಗ ಹೇಳಿದ್ವಿ, ನಿಮ್ಮಪ್ಪ ಆತ್ರಿ ಅಂದ, ಟಿಸಿ ಒಯ್ದ. ಈಗ ನೋಡ್ರಿ ಮಂದಿ, ಕೈಯಾಗ ಉದ್ಯೋಗ ಐತಿ. ನಾವು ಅವತ್ತ ಹೊರಗ ಹಾಕಿರಲಿಲ್ಲಂದ್ರ ಇರತಿತ್ತೇನು?” ಮತ್ತೆ ನಗು. “ಹುಂ, ಆ ಮೂಲಿ ಎತ್ತಿ ಕಟ್ಟು. ಅಧ್ಯಕ್ಷರ ಮಾರಿ ಮಡಚೈತಿ.”

“ಆತ್ರಿ,” ಅಂದೆ.

ಬಾಯಿಂದ ತಾನಾಗಿಯೇ ಬಿತ್ತು. ಬಿದ್ದ ಮೇಲೆ ನನಗೇ ಕೇಳಿಸಿತು. ಮತ್ತೆ ಕಟ್ಟಿದೆನಲ್ಲ, ಗಂಟಿನ ಮೇಲೆ ಗಂಟು ಹಾಕಿ ಅಧ್ಯಕ್ಷರ ಮುಖ ನೆಟ್ಟಗೆ ಮಾಡಿದೆನಲ್ಲ, ಅದನ್ನು ನೆನೆದರೆ ಈಗಲೂ ಕೈ ತುರಿಸುತ್ತದೆ.

ಹೊರಗೆ ಬಂದಾಗ ಅವ್ವ ಗೇಟಿನ ಬಳಿ ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ನಿಂತಿದ್ದಳು.

“ಎವ್ವಾ, ಯಾಕ ಆತ್ರಿ ಅಂದಿ?”

“ಮತ್ತೇನ ಅನ್ಲೆಪಾ? ದೊಡ್ಡವರು ಮಾತಾಡಾಕತ್ತಿದ್ರು.”

“ರೇಣುಕಾನ್ನ ಸಾಲಿ ಬಿಡಸಾಕ ಒಪ್ಪಿ ಬಂದಿ ನೀ.”

“ಯಾರ ಒಪ್ಯಾರ?” ಅವ್ವನಿಗೆ ನಿಜವಾಗಿಯೂ ಸಿಟ್ಟು ಬಂತು. “ಆತ್ರಿ ಅಂದೇನಿ, ಅಷ್ಟ. ಒಪ್ಪಿದ್ರ ಹೌದ್ರಿ ಅಂತಿದ್ದೆ. ಅಷ್ಟೂ ತಿಳಿಯಂಗಿಲ್ಲೇನ ಆ ಮಾಸ್ತರಗ? ಎಷ್ಟನೆತ್ತಿ ಕಲತಾನ ಅವ?”

ಅವ್ವ ಹೇಳಿದ್ದರಲ್ಲಿ ಸುಳ್ಳಿಲ್ಲ. ನಮ್ಮ ಕಡೆ ‘ಆತ್ರಿ’ ಎಂದರೆ ಒಪ್ಪಿಗೆಯಲ್ಲ. ‘ನೀವು ಆಡಿದ್ದು ಕಿವಿಗೆ ಬಿತ್ತು, ಇನ್ನು ನನ್ನನ್ನು ಬಿಡಿ’ ಎಂದು ಅದರ ಅರ್ಥ. ಆಲಮೇಲ ಬಸ್ಸಿನ ಕಂಡಕ್ಟರು ಹಿಂದೆ ಸರಿಯಿರಿ ಎಂದರೆ ಬಸ್ಸಿಗೆ ಬಸ್ಸೇ ‘ಆತ್ರಿ’ ಅನ್ನುತ್ತದೆ, ಒಬ್ಬನೂ ಕದಲುವುದಿಲ್ಲ. ಡಾಕ್ಟರು ತಂಬಾಕು ಬಿಡು ಎಂದರೆ ನಮ್ಮಪ್ಪ ‘ಆತ್ರಿ’ ಎಂದು ಹೊರಗೆ ಬಂದು ದವಾಖಾನೆಯ ಮೆಟ್ಟಿಲ ಮೇಲೇ ಸುಣ್ಣ ತಿಕ್ಕುತ್ತಾನೆ. ಓಟು ಕೇಳಲು ಬಂದ ಪ್ರತಿಯೊಂದು ಪಾರ್ಟಿಗೂ ನಮ್ಮ ಓಣಿ ‘ಆತ್ರಿ’ ಅಂದಿದೆ. ಇದು ಹೆಡ್‌ಮಾಸ್ತರರಿಗೆ ಗೊತ್ತಿಲ್ಲವೆ? ಇದೇ ಜಿಲ್ಲೆಯ ನಾಲತವಾಡದಲ್ಲಿ ಹುಟ್ಟಿ ಬೆಳೆದ ಮನುಷ್ಯ. ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ಪ್ರತಿ ಮಾತಿನ ಬಾಲಕ್ಕೆ ‘ಆತಿಲ್ಲೋ?’ ಎಂದು ಗಂಟು ಹಾಕುತ್ತಾರೆ. ಹಾಗೆ ಕೇಳಿದರೆ ನಮ್ಮಂಥವರ ಬಾಯಿಂದ ಬೇರೆ ಉತ್ತರ ಬರುವುದೇ ಇಲ್ಲ. ಎದುರಿನವರ ಮರ್ಯಾದೆಯನ್ನೇ ಅವರ ಸಹಿ ಮಾಡಿಕೊಳ್ಳುವ ಈ ವಿದ್ಯೆಯನ್ನು ಯಾವ ಬಿ.ಎಡ್. ಕಾಲೇಜಿನಲ್ಲಿ ಕಲಿಸುತ್ತಾರೋ, ನಾನಂತೂ ಅಷ್ಟು ದೂರ ಹೋಗಲಿಲ್ಲ.

ಈ ನೂರಕ್ಕೆ ನೂರು ಹೇಗೆ ಬರುತ್ತದೆ ಎಂದು ಜನ ನನ್ನನ್ನು ಕೇಳುತ್ತಾರೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲ ಬಸ್ ನಿಲ್ದಾಣಗಳ ಎದುರೂ ಏಣಿ ಹಾಕಿ ಕಟ್ಟಿ ಬರುವವನು ನಾನೇ ಆದ್ದರಿಂದ, ಕೆಳಗೆ ನಿಂತು ಕೇಳುತ್ತಾರೆ: “ಏನ್ ಸಾಲಿಪಾ ಅದು! ಒಬ್ಬರೂ ಫೇಲ್ ಆಗಂಗಿಲ್ಲಂತಲ್ಲ?” ಪವಾಡವೇನೂ ಇಲ್ಲ ಸ್ವಾಮಿ. ಎಂಟನೇ ತರಗತಿಗೆ ಬಂದವರನ್ನೆಲ್ಲ ತುಂಬಿಕೊಳ್ಳುತ್ತಾರೆ. ಒಂಬತ್ತು ಮುಗಿಯುತ್ತಲೇ ಜರಡಿ ಹಿಡಿಯುತ್ತಾರೆ. ಮುಂದೆ ಫೇಲಾಗಬಹುದು ಅನ್ನಿಸಿದವರನ್ನು ಪಾಸು ಮಾಡಿ ಹೊರಗೆ ಹಾಕುತ್ತಾರೆ. ಹೌದು, ಪಾಸು ಮಾಡಿ. ಫೇಲು ಮಾಡಿದರೆ ಹುಡುಗ ಅಲ್ಲೇ ಉಳಿದುಬಿಡುತ್ತಾನಲ್ಲ! ಉಳಿದವರು ಪಾಠ ಹೇಳಿದರೂ ಪಾಸು, ಹೇಳದಿದ್ದರೂ ಪಾಸು. ಆಮೇಲೆ ಮಾಸ್ತರರಿಗೆ ಶಾಲು, ಅಧ್ಯಕ್ಷರಿಗೆ ರುಮಾಲು, ನನಗೆ ಬ್ಯಾನರಿನ ಕೆಲಸ. ಇವರನ್ನು ಮಾಸ್ತರರು ಅನ್ನುವುದಕ್ಕಿಂತ ಜೋಳ ಕೊಂಡು ಮಾರುವ ಅಡತಿಯವರು ಅನ್ನುವುದು ವಾಸಿ. ಹುಳುಕು ಕಾಳು ಆರಿಸಿ ಒಗೆದು ಚೀಲದ ಮೇಲೆ ತಮ್ಮ ಫೋಟೋ ಹಚ್ಚುತ್ತಾರೆ. ಅದೂ ತಪ್ಪು. ಅಡತಿಯವನಿಗೆ ಜೋಳ ಬೆಳೆದವನು ತಾನೇ ಎಂಬ ಭ್ರಮೆಯಾದರೂ ಇರುವುದಿಲ್ಲ.

ನಾನೂ ಆ ಜರಡಿಯಿಂದ ಬಿದ್ದವನೇ. ‘ಹುಡುಗ ಬ್ಯಾರೆ ಕಡೆ ಚಲೋ ಕಲೀತಾನ’ ಎಂದು ಅಪ್ಪನಿಗೆ ಹೇಳಿ ಟಿಸಿ ಕೈಗಿಟ್ಟರು. ಹಿಡಿದುಕೊಂಡು ಎರಡು ಕಡೆ ಹೋದೆವು. ಆ ಶಾಲೆಯಿಂದ ಒಂಬತ್ತು ಮುಗಿಸಿ ಹತ್ತಕ್ಕೆ ಟಿಸಿ ತಂದವನೆಂದರೆ ಎಂಥವನೆಂದು ಎಲ್ಲರಿಗೂ ಗೊತ್ತು. ಸೀಟು ತುಂಬಿದೆ ಅಂದರು. ಮುಂದಿನ ವರ್ಷ ನೋಡೋಣ ಅಂದುಕೊಂಡೆವು. ಮುಂದಿನ ವರ್ಷ ನಾನು ಜುಲ್ಫಿಕರಣ್ಣನ ಅಂಗಡಿಯಲ್ಲಿ ಅದೇ ಶಾಲೆಯ ಹುಡುಗರ ಫೋಟೋಗಳನ್ನು ಬೆಳ್ಳಗೆ ಮಾಡುತ್ತಿದ್ದೆ. ಅಧ್ಯಕ್ಷರ ಫೋಟೋ ಬಾಗಿಲಷ್ಟು, ಹುಡುಗರದು ಪೋಸ್ಟಿನ ಸ್ಟಾಂಪಿನಷ್ಟು. ಪರೀಕ್ಷೆಗೆ ಕೂತವರು ಅಧ್ಯಕ್ಷರೇ ಇರಬೇಕು ಎಂದುಕೊಳ್ಳಬೇಕು ನೋಡಿದವರು.

ಅವ್ವನಿಗೆ ಹೀಗಾದ ದಿನ ಅಪ್ಪ ಕುರಿ ಹೊಡೆದುಕೊಂಡು ಕೊಲ್ಹಾರದ ಕಡೆ ಹಿನ್ನೀರಿನ ದಂಡೆಗೆ ಹೋಗಿದ್ದ. ಫೋನು ಮಾಡಿದೆ. ಗಾಳಿ, ಕುರಿಯ ಸದ್ದು, ನಡುವೆ ಅಪ್ಪ.

“ದೊಡ್ಡವರ ಕೂಡ ಜಗಳ ಬ್ಯಾಡಲೇ ಮಾಳ್ಯಾ. ಆತ್ರಿ ಅಂತ ಅನ್ನು, ಸುಮ್ಮ ಬಾ.”

“ಎಪ್ಪಾ, ಆತ್ರಿ ಅಂದದ್ದಕ್ಕ ನನ್ನ ಸಾಲಿ ಹೋತು.”

ಅಪ್ಪ ಯಾವುದೋ ಕುರಿಯನ್ನು ಗದರಿದ. ಆಮೇಲೆ ಅಪ್ಪ ಅಂದ: “ನಾ ಮತ್ತೊಮ್ಮಿ ಬಂದು ಕೇಳಬೇಕು ಅಂತ ಆತ್ರಿ ಅಂದಿದ್ದೆ. ಬರೂದರಾಗ ಟಿಸಿ ಬರದ ಇಟ್ಟಿದ್ರು.” ಅದಾದ ಮೇಲೆ ನೆಟ್‌ವರ್ಕ್ ಹೋಯಿತು, ಅಥವಾ ಅಪ್ಪನೇ ಕಟ್ ಮಾಡಿದ.

ಸಂಜೆ ಮನೆಗೆ ಹೋದಾಗ ರೇಣುಕಾ ಯೂನಿಫಾರಂ ಒಗೆದು ತಂತಿಯ ಮೇಲೆ ಹಾಕುತ್ತಿದ್ದಳು. ಆಲಮೇಲ ರಸ್ತೆಗೆ ಇರುವ ನಮ್ಮ ಊರಿಂದ ಅವಳು ದಿನಾ ಸಿಂದಗಿಗೆ ಬಸ್ಸಿನಲ್ಲಿ ಹೋಗಬೇಕು. ಬೆಳಗಿನ ಬಸ್ಸು ಆಲಮೇಲದಿಂದಲೇ ತುಂಬಿ ಬಂದು ನಮ್ಮೂರಿನವರು ಎತ್ತಿದ ಕೈಗಳನ್ನು ನೋಡದಂತೆ ಹೋಗುತ್ತದೆ. ಮುಂದಿನ ಬಸ್ಸು ಹಿಡಿದರೆ ಮೊದಲ ತಾಸು ತಪ್ಪುತ್ತದೆ. ಮೊದಲ ತಾಸು ಗಣಿತ. ವರ್ಷವಿಡೀ ಗಣಿತದ ತರಗತಿಯ ಬಾಗಿಲ ಹೊರಗೆ ನಿಂತವಳಿಗೆ ಗಣಿತ ಬರುವುದಿಲ್ಲ ಎಂದು ಕಂಡುಹಿಡಿಯಲು ಒಬ್ಬ ಹೆಡ್‌ಮಾಸ್ತರ, ಒಂದು ಮೈಕು, ಒಂದು ಸಭೆ ಬೇಕಾಯಿತು.

“ಮಂದಿ ಎಲ್ಲಾ ನಕ್ರಂತ?” ಅವಳೇ ಕೇಳಿದಳು. ಓಣಿಯಲ್ಲಿ ಸುದ್ದಿ ನನಗಿಂತ ಮೊದಲು ಬಂದಿತ್ತು.

“ನಕ್ರು.”

“ಶಿವಾನಿ ಅವ್ವನೂ?”

“ಎಲ್ಲಾರಕಿಂತ ಜೋರ.”

“ಶಿವಾನಿ ಗಣಿತ ನನ್ನ ನೋಡಿ ಬರೀತಿದ್ಲು,” ಅಂದು ರೇಣುಕಾ ನಕ್ಕಳು, “ಅದಕ್ಕ ಅಕಿಗೂ ಕಡಿಮಿ ಬಿದ್ದಾವು. ಆದರ ಅವರಪ್ಪ ಕುರ್ಚಿ ಮ್ಯಾಲ ಕುಂದರತಾನ.” ಆಮೇಲೆ ನಗು ನಿಲ್ಲಿಸಿ ಲಂಗದ ನೀರು ಹಿಂಡುತ್ತ ಹೇಳಿದಳು: “ಅಣ್ಣಾ, ನಾ ಏನ್ ಫಸ್ಟ್ ಬರಂಗಿಲ್ಲ. ಪಾಸ್ ಆಗ್ತೇನೋ ಇಲ್ಲೋ ಅದೂ ಗೊತ್ತಿಲ್ಲ. ಆದರ ಕುಂದರತೇನಿ. ಕುಂದರ್ಲಾಕ ಬಿಡಬೇಕಿಲ್ಲ? ಕುಂದರದ ಹೆಂಗ ಗೊತ್ತಾಕ್ಕೈತಿ?”

ಸಿಂದಗಿಯ ಬುದ್ಧಿವಂತರೆಲ್ಲ ಕುರ್ಚಿಯ ಮೇಲೆ ಕೂತು ಕೇಳದ ಪ್ರಶ್ನೆ ಇದು.

ಮರುದಿನ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾನೊಂದು ಬ್ಯಾನರ್ ಮಾಡಿದೆ. ಅದೇ ಕೆಂಪು ಅಕ್ಷರ, ಅದೇ ಅಧ್ಯಕ್ಷರು. ‘ನೂರಕ್ಕೆ ನೂರು!’ ಅದರ ಕೆಳಗೆ ಸಣ್ಣದಾಗಿ: ‘ಹೊರಗೆ ಹಾಕಿದವರನ್ನು ಬಿಟ್ಟು ಪಲಿತಾಂಷ’. ಇದನ್ನೇ ನಾಲ್ಕೂ ತಾಲ್ಲೂಕಿನಲ್ಲಿ ಕಟ್ಟಿ ಬಂದುಬಿಡುವುದು ಎಂದು ಲೆಕ್ಕ ಹಾಕುತ್ತಿರುವಾಗ ಜುಲ್ಫಿಕರಣ್ಣ ಚಹಾ ಹಿಡಿದು ಹಿಂದೆ ಬಂದು ನಿಂತ.

“ಫಲಿತಾಂಶ ತಪ್ಪ ಬರದಿ.”

“ಬೇಕಂತ ಬರದೇನಿ.”

“ಸುಳ್ಳ ಹೇಳಬ್ಯಾಡೋ. ಪ್ರತಿ ವರ್ಷ ನಾ ತಿದ್ದತೇನಿ.” ಚಹಾ ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತ. “ಚಲೋ ಐತಿ. ನನಗೂ ಒಂದ ಮಾಡಿ ಕೊಡು. ತಪ್ಪ ಛಾಪಿಸಿದ ಬ್ಯಾನರ್ ಎಲ್ಲಾ ಒಗದು ಬಂದೇನಿ, ಇನ್ನ ‘ನಮ್ಮ ಅಂಗಡ್ಯಾಗ ಇವತ್ತಿನ ತನಕ ಒಂದೂ ತಪ್ಪ ಆಗಿಲ್ಲ’ ಅಂತ ಬೋರ್ಡ್ ಹಾಕೂಣು. ಖಬರಸ್ತಾನಕ್ಕ ಹೋದವರನ್ನ ಬಿಟ್ಟ ಡಾಕ್ಟರನೂ ಒಂದ ಹಾಕಲಿ, ಎಲ್ಲಾರೂ ಆರಾಮ ಅದಾರ ಅಂತ.”

ನನಗೆ ನಗು ಬಂತು. ನಕ್ಕದ್ದಕ್ಕೆ ಸಿಟ್ಟೂ ಬಂತು.

“ಆದರ ಕೇಳು,” ಅಂದ ಜುಲ್ಫಿಕರಣ್ಣ, ದನಿ ಇಳಿಸಿ. “ಇದನ್ನ ಕಟ್ಟಿದಿ ಅಂದ್ರ ನಾಳೆ ಅವರು ಏನಂತಾರ? ‘ನೋಡ್ರಿ, ಇಂಥಾ ಉಡಾಳ ಅಂತನ ಹೊರಗ ಹಾಕಿದ್ವಿ. ತಂಗೀನೂ ಹಂಗ’ ಅಂತಾರ. ನಿನ್ನ ಸಿಟ್ಟು ಅವರಿಗೆ ಉಪಯೋಗ ಬೀಳತೈತಿ, ನಿನಗಲ್ಲ. ನನ್ನ ಗಿರಾಕಿ ಹೋದ್ರ ಹೋಗಲಿ, ಅದು ಬ್ಯಾರೆ ಮಾತು.” ಬ್ಯಾರೆ ಮಾತಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಆದರೂ ಹಾಗಂದನಲ್ಲ, ಅಷ್ಟು ಸಾಕು. ಬ್ಯಾನರ್ ಅಳಿಸಿದೆ.

ಅದೇ ವಾರ ಇಂಡಿಯ ಬಸ್ ನಿಲ್ದಾಣದ ಎದುರು ನೂರಕ್ಕೆ ನೂರು ಕಟ್ಟಲು ಹೋದಾಗ ಏಣಿಯ ಕೆಳಗೆ ಭೀಮು ಮಾಸ್ತರರು ಸಿಕ್ಕರು. ನಮ್ಮೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ಈಗ ಇಂಡಿ ತಾಲ್ಲೂಕಿಗೆ ವರ್ಗವಾಗಿದ್ದಾರೆ. ಅವರ ಶಾಲೆಯ ಫಲಿತಾಂಶದ ಬ್ಯಾನರ್ ಯಾರೂ ಮಾಡಿಸುವುದಿಲ್ಲ. ಬಾಗಿಲಿಗೆ ಬಂದ ಯಾವ ಮಗುವನ್ನೂ ವಾಪಸು ಕಳಿಸದವರು ನೂರಕ್ಕೆ ನೂರು ಎಲ್ಲಿಂದ ತಂದಾರು?

“ಇಳಿ ಕೆಳಗ,” ಅಂದರು. “ಮಾರಿ ಯಾಕ ಹಂಗ ಮಾಡಿ?”

ಹೇಳಿದೆ. ಅವರು ಕೇಳುತ್ತ ಕೇಳುತ್ತ ಶೇಂಗಾ ಸುಲಿದು ಅರ್ಧ ನನ್ನ ಕೈಗೆ ಹಾಕಿದರು.

“ಹುಚ್ಚಾ, ಹತ್ತನೆತ್ತಿಗೆ ಅಕಿ ಹೊಸಾ ಅಡ್ಮಿಷನ್ ಯಾಕ ಕೇಳಬೇಕು? ಅದ ಸಾಲಿ, ಒಂಬತ್ತನೆತ್ತಿ ಪಾಸಾಗ್ಯಾಳ. ಪಡಸಾಲಿ ದಾಟಿ ಒಳಗಿನ ಖೋಲಿಗೆ ಹೋದಂಗ ಅದು. ಮನಿ ಮಗಳಿಗೆ ಒಳಗ ಬರಬ್ಯಾಡ ಅನ್ನಾಕ ಅವರ್ಯಾರು?”

“ಟಿಸಿ ತಯಾರ ಮಾಡ್ಯಾರಂತ್ರಿ.”

“ನೀವು ಕೇಳೀರೇನು?”

“ಇಲ್ರಿ.”

“ಪಾಲಕರು ಕೇಳಿದ್ರ ಟಿಸಿ. ಕೇಳಲಾರದ ಕೊಟ್ರ ಅದು ಹೊರಗ ದಬ್ಬೂದು. ಅದನ್ನ ಬರದ ಕೊಡ್ರಿ ಅಂದು ನೋಡು, ಯಾವ ಹೆಡ್‌ಮಾಸ್ತರಗೂ ಕೈ ಬರಂಗಿಲ್ಲ. ಅದಕ್ಕನ ನಿಮ್ಮ ಬಾಯಾಗಿಂದ ಹೂಂ ಅನಸ್ತಾರ.” ಶೇಂಗಾ ಸಿಪ್ಪೆ ಊದಿ ಹಾರಿಸಿದರು. “ಅಕಿ ಸುಮ್ಮ ಹೋಗಿ ಕುಂದರ್ಲಿ. ನೀವು ಟಿಸಿ ಮುಟ್ಟಬ್ಯಾಡ್ರಿ. ಮತ್ತ ನೀ ಅಲ್ಲಿ ಹೋಗಿ ಹಾರ್ಯಾಡಿದಿ ಅಂದ್ರ ಅದನ್ನ ಕಾರಣ ಮಾಡಿ ಹೊರಗ ಹಾಕ್ತಾರ, ನೆನಪಿಡು. ನಿನ್ನ ಬಾಯಿ ನನಗ ಗೊತ್ತೈತಿ.”

ಶಾಲೆ ಶುರುವಾದ ದಿನ ಬೆಳಗ್ಗೆ ರೇಣುಕಾಳನ್ನು ಜುಲ್ಫಿಕರಣ್ಣನಿಂದ ಕೇಳಿ ತಂದ ಗಾಡಿಯ ಮೇಲೆ ಕೂರಿಸಿಕೊಂಡು ಹೊರಟೆ. ನಡುದಾರಿಯಲ್ಲಿ ಆಲಮೇಲ ಬಸ್ಸು ನಮ್ಮನ್ನು ದಾಟಿತು. ಫುಟ್‌ಬೋರ್ಡಿನಲ್ಲಿ ಜೋತವರನ್ನು ನೋಡಿ ಅವಳು ಕೈ ಬೀಸಿದಳು, ತಾನೇನೋ ಕಾರಿನಲ್ಲಿ ಹೋಗುವವಳ ಹಾಗೆ. ಶಾಲೆಯ ಬಾಗಿಲಿಗೆ ಮಾವಿನ ತೋರಣ, ಬಾಳೆಕಂಬ. ಒಳಗೆ ಬರುವ ಪ್ರತಿ ಮಗುವಿಗೆ ಮಾಸ್ತರರು ಗುಲಾಬಿ ಹೂ ಕೊಡುತ್ತಿದ್ದರು. ರೇಣುಕಾಳಿಗೂ ಕೊಟ್ಟರು, ಅಭ್ಯಾಸಬಲದಿಂದ. ಅವಳು ಹೂ ಹಿಡಿದು ನೆಟ್ಟಗೆ ಹತ್ತನೇ ತರಗತಿಗೆ ಹೋಗಿ ಕೂತಳು.

ಗಂಟೆ ಹೊಡೆದ ಸ್ವಲ್ಪ ಹೊತ್ತಿಗೇ, ಅಂಗಳದಲ್ಲಿ ಕಾಯುತ್ತಿದ್ದ ನನ್ನನ್ನು ಕಚೇರಿಗೆ ಕರೆದರು. ಅಧ್ಯಕ್ಷರು ಶಾಲೆಯ ಆರಂಭೋತ್ಸವಕ್ಕೆಂದು ಬಂದು ಸೋಫಾದಲ್ಲಿ ಕೂತಿದ್ದರು. ಕುರ್ಚಿಯ ಪಾಲಕರಲ್ಲಿ ಕೆಲವರು, ಇಬ್ಬರು ಮೂವರು ಮಾಸ್ತರರು, ಬಾಗಿಲಲ್ಲಿ ಸಿಪಾಯಿ ಮಶಾಕಸಾಬ. ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗೆ, ಟಿಸಿ. ಅದರ ಪಕ್ಕದಲ್ಲಿ ಸಿಹಿ ಸಜ್ಜಕದ ತಟ್ಟೆ.

“ಹುಡುಗಿ ಒಳಗ ಯಾಕ ಕುಂತಾಳೋ?” ಹೆಡ್‌ಮಾಸ್ತರರು ಕೇಳಿದರು. “ನಿಮ್ಮವ್ವ ಒಪ್ಪಿಲ್ಲೇನು? ಇವರೆಲ್ಲಾ ಕೇಳ್ಯಾರ.”

ಕುರ್ಚಿಯವರು ತಲೆಯಾಡಿಸಿದರು. ಕುರ್ಚಿಯವರ ಕೆಲಸವೇ ಅದು.

“ಒಪ್ಪಿಲ್ರಿ. ಆತ್ರಿ ಅಂದಾಳ.”

“ಮತ್ತ? ಆತ್ರಿ ಅಂದ್ರ ಏನು?”

ಹಾರಾಡಬೇಡ ಎಂದಿದ್ದರು ಭೀಮು ಮಾಸ್ತರರು. ಹಾರಾಡಲಿಲ್ಲ. “ಸರ್, ನೀವು ಈ ಬಾಗಿಲ ಬ್ಯಾನರ್ ಶುಕ್ರವಾರ ಬೇಕು ಅಂದ್ರಿ. ನಾ ಆತ್ರಿ ಅಂದೆ. ಯಾವಾಗ ಕೊಟ್ಟೇನ್ರಿ?”

ಹೆಡ್‌ಮಾಸ್ತರರು ಟಿಸಿಯ ಮೇಲಿನ ಗಾಜಿನ ಗುಂಡು ತಿರುಗಿಸಿದರು.

“ನಿನ್ನೆ ರಾತ್ರಿ ಕೊಟ್ಟಾನ,” ಅಂದ ಬಾಗಿಲಿನಿಂದ ಮಶಾಕಸಾಬ. “ನಾನ ಇಸಗೊಂಡೇನ್ರಿ. ಶುಕ್ರವಾರ ಅಂಗಡಿನ ಬಂದ್ ಇತ್ತು.”

ಒಬ್ಬ ಮಾಸ್ತರ ಕೆಮ್ಮಿದ, ನಗು ಮುಚ್ಚಲು. ಕುರ್ಚಿಯ ಪಾಲಕನೊಬ್ಬ ಮುಚ್ಚಲೂ ಇಲ್ಲ. ನಗಲು ಇವರಿಗೆ ಯಾರಾದರೂ ನಡೆಯುತ್ತದೆ ಎಂದು ಆಗ ತಿಳಿಯಿತು. ಅವ್ವನನ್ನು ನೋಡಿ ನಕ್ಕ ಹಲ್ಲುಗಳೇ ಈಗ ಹೆಡ್‌ಮಾಸ್ತರರನ್ನು ನೋಡಿ ಹೊರಬಂದಿದ್ದವು.

ಹೆಡ್‌ಮಾಸ್ತರರು ಮೇಜು ಬಡಿದು ಎದ್ದರು. “ನೋಡ್ರಿ ಸಾಹೇಬ್ರ, ಇವನ ಸೊಕ್ಕು! ಒಂಬತ್ತನೆತ್ತಿ ದಾಟಿಲ್ಲ, ನನಗ ಮಾತಿನ ಅರ್ಥ ಕಲಸಾಕ ಬಂದಾನ. ಇಂಥವರನ್ನ ತುಂಬಿಕೊಂಡು ಫಲಿತಾಂಶ ತರ್ರಿ ಅಂತೀರಿ!”

ಅಧ್ಯಕ್ಷರು ಕೈ ಎತ್ತಿದರು. ಬ್ಯಾನರಿನಲ್ಲಿ ಎತ್ತಿದ ಹಾಗೆಯೇ; ಆ ಕೈಯ ಉಗುರು ಕೂಡ ನಾನು ಸ್ವಚ್ಛ ಮಾಡಿದವನು.

“ಇರ್ಲಿ ಇರ್ಲಿ. ಹುಡುಗ ನಮ್ಮಾವ. ಬಾ ಇಲ್ಲಿ, ಸಜ್ಜಕ ತಗೋ.” ತಟ್ಟೆಯನ್ನು ನನ್ನ ಕಡೆ ಸರಿಸಿದರು. ದನಿಯಲ್ಲಿ ಬೆಲ್ಲ. “ನೋಡಪಾ ಮಾಳಿಂಗರಾಯ, ಹುಡುಗಿ ಕಲೀಬೇಕು ಅಂತ ನಮಗೂ ಐತಿ. ನಾವೇನ ರಾಕ್ಷಸರಲ್ಲ. ಹಿಂಗ ಮಾಡೂಣು. ಅಕಿ ಇಲ್ಲೇ ಕುಂದರ್ಲಿ, ಪಾಠ ಕೇಳ್ಲಿ, ಯಾರೂ ಬ್ಯಾಡ ಅನ್ನಂಗಿಲ್ಲ. ಪರೀಕ್ಷೆ ಮಾತ್ರ ಹೊರಗಿಂದ ಕಟ್ಟಲಿ. ನಮ್ಮ ಸಾಲಿ ಹೆಸರಿನ್ಯಾಗ ಬರೂದು ಬ್ಯಾಡ. ಅಕಿ ಪಾಸಾದ್ರ ಅಕಿಗೆ ಲಾಭ. ಫೇಲಾದ್ರ ನಮಗ ಹಾನಿ ಇಲ್ಲ. ಟಿಸಿ ಸುಮ್ಮ ಇಸಗೊಂಡ ಮನ್ಯಾಗ ಇಡು. ಮತ್ತ ನೀ ಎಷ್ಟ ದಿನಾ ಅಂತ ಜುಲ್ಫಿಕರನ ಕೈಯಾಗ ದುಡೀತಿ? ನಿಂದ ಒಂದ ಅಂಗಡಿ ಹಾಕು, ನಮ್ಮ ಬ್ಯಾನರ್ ಎಲ್ಲಾ ನಿನಗ. ಆತಿಲ್ಲೋ?”

ಅಂದರೆ ರೇಣುಕಾ ಅವರ ಬೆಂಚಿನಲ್ಲಿ ಕೂತಿರಬೇಕು, ಅವರ ಲೆಕ್ಕದಲ್ಲಿ ಇರಬಾರದು. ಮನೆಯ ಅಂಗಳದಲ್ಲಿ ನಿಂತು ನೀರು ಕುಡಿಯಬಹುದು, ಚೊಂಬು ಮುಟ್ಟಬಾರದು. ಈ ಮನುಷ್ಯನ ಬ್ಯಾನರಿನ ನೆತ್ತಿಯ ಮೇಲೆ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಚಿತ್ರ ಇರಲೇಬೇಕು. ಇಲ್ಲದಿದ್ದರೆ ವಾಪಸು ಕಳಿಸುತ್ತಾರೆ.

ಕಚೇರಿಯ ಕಿಟಕಿಯಿಂದ ಹತ್ತನೇ ತರಗತಿ ಕಾಣುತ್ತಿತ್ತು. ಮೊದಲ ತಾಸು ಶುರುವಾಗಿತ್ತು. ಗಣಿತದ ಮಾಸ್ತರ ಹಲಗೆಗೆ ಮುಖ ಮಾಡಿ ಏನನ್ನೋ ಬರೆಯುತ್ತಿದ್ದ, ರೇಣುಕಾ ಗುಲಾಬಿಯನ್ನು ಕಂಪಾಸು ಪೆಟ್ಟಿಗೆಯ ಮೇಲಿಟ್ಟು ತಲೆ ಎತ್ತಿ ಇಳಿಸಿ ಹಲಗೆಯ ಮೇಲಿನದನ್ನು ಬರೆದುಕೊಳ್ಳುತ್ತಿದ್ದಳು. ಕಳೆದ ವರ್ಷವೆಲ್ಲ ಬಾಗಿಲಾಚೆ ಕೇಳಿದ ದನಿ ಈಗ ಅವಳ ಎದುರಿಗೇ ಇತ್ತು.

“ಏನಪಾ, ಆತಿಲ್ಲೋ?” ಅಧ್ಯಕ್ಷರು ಮತ್ತೊಮ್ಮೆ ಕೇಳಿದರು. ಹೆಡ್‌ಮಾಸ್ತರರು ಗಾಜಿನ ಗುಂಡು ಸರಿಸಿ ಟಿಸಿಯನ್ನು ನನ್ನ ಕಡೆ ತಳ್ಳಿದರು. ಕುರ್ಚಿಯವರು ಮುಂದಕ್ಕೆ ಬಾಗಿದರು. ಎಲ್ಲರ ಕಿವಿಯೂ ನನ್ನ ಬಾಯಲ್ಲಿತ್ತು.

ಆ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅಪ್ಪನ ಬಾಯಿಂದ, ಅವ್ವನ ಬಾಯಿಂದ, ಏಣಿಯ ಮೇಲೆ ನನ್ನದೇ ಬಾಯಿಂದ ಉದುರಿದ ಆ ಮಾತು. ಅದನ್ನು ಹಲ್ಲಿನ ಹಿಂದೆ ಹಿಡಿದೆ. ಅದರ ಹಿಂದೆಯೇ ಇನ್ನೊಂದು ಬಂತು, ಅಧ್ಯಕ್ಷರ ತಾಯಿಯನ್ನು ಮುಟ್ಟುವಂಥದ್ದು, ಅದನ್ನೂ ಹಿಡಿದೆ. ಮೊದಲಿನದು ಬಿದ್ದರೆ ಒಪ್ಪಿಗೆ, ಎರಡನೆಯದು ಬಿದ್ದರೆ ಕಾರಣ. ಎರಡಕ್ಕೂ ಅವರು ತಟ್ಟೆ ಹಿಡಿದು ಕೂತಿದ್ದರು. ಇದೇ ಶಾಲೆಯಲ್ಲಿ ಉತ್ತರ ಹೇಳಲಿಲ್ಲವೆಂದು ನನ್ನ ಬೆರಳ ಗಂಟುಗಳ ಮೇಲೆ ಎಷ್ಟು ಪೆಟ್ಟು ಬಿದ್ದಿದ್ದವು. ಉತ್ತರ ಹೇಳದಿರುವುದೂ ಒಂದು ವಿದ್ಯೆ ಎಂದು ಆಗ ಯಾವ ಮಾಸ್ತರನೂ ಹೇಳಿಕೊಟ್ಟಿರಲಿಲ್ಲ.

ಟಿಸಿ ಮುಟ್ಟಲಿಲ್ಲ. ಸಜ್ಜಕವನ್ನೂ ಮುಟ್ಟಲಿಲ್ಲ. ತಿರುಗಿದೆ. ಮಶಾಕಸಾಬ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

“ಏ ಮಾಳ್ಯಾ! ಸಾಹೇಬ್ರು ಕೇಳಾಕತ್ತಾರ!” ಹಿಂದಿನಿಂದ ಹೆಡ್‌ಮಾಸ್ತರರು.

ಮೊಗಸಾಲೆಗೆ ಬಂದೆ.

“ಹೌದು ಅನ್ನು, ಇಲ್ಲಾ ಇಲ್ಲ ಅನ್ನು! ಏನರ ಒಂದ ಬೊಗಳಿ ಹೋಗು!”

ಹತ್ತನೇ ತರಗತಿಯ ಬಾಗಿಲ ಮುಂದೆ ಹಾದೆ. ರೇಣುಕಾ ನನ್ನನ್ನು ನೋಡಲಿಲ್ಲ. ಹಲಗೆ ಅರ್ಧ ತುಂಬಿತ್ತು, ಮಾಸ್ತರ ಅಳಿಸುವುದರೊಳಗೆ ಅವಳು ಬರೆದುಕೊಳ್ಳಬೇಕಿತ್ತು.

“ಆತೋ ಇಲ್ಲೋ, ಅಷ್ಟರ ಹೇಳೋ!” ಈಗ ಕೂಗುತ್ತಿದ್ದವರು ಅಧ್ಯಕ್ಷರೇ, ಬೆಲ್ಲವೆಲ್ಲ ಕರಗಿ ಹೋಗಿತ್ತು.

ನಾನು ತೋರಣದ ಕೆಳಗಿನಿಂದ ತಲೆ ಬಗ್ಗಿಸಿ ದಾಟಿ, ಗೇಟಿನ ಹೊರಗೆ ನಿಲ್ಲಿಸಿದ್ದ ಗಾಡಿಯ ಕಡೆ ನಡೆದೆ.